ಕಾನೂನು ಸಲಹೆ: ವಿಚ್ಛೇದನದ ನಂತರ ಪತಿಯ ಪಿಂಚಣಿಯಲ್ಲಿ ಪಾಲು ಉಂಟೇ?

ಪ್ರಶ್ನೆ: ನಮ್ಮ ಮದುವೆಯಾಗಿ 31 ವರ್ಷಗಳಾದವು. ಪತಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು. ಬರುವ ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಮಕ್ಕಳನ್ನೂ ಹಾಸಿಗೆ ಹಿಡಿದಿದ್ದ ಅತ್ತೆಯವರನ್ನೂ ನೋಡಿಕೊಂಡು ಬಂದ ನನಗೆ ಸ್ವಂತ ಆದಾಯವಿಲ್ಲ. ಈಗ ಇಬ್ಬರೂ ಒಪ್ಪಿಯೇ ಬೇರೆಯಾಗುತ್ತಿದ್ದೇವೆ. ಪಿಂಚಣಿಯ ಅರ್ಧವನ್ನು ಪ್ರತಿ ತಿಂಗಳು ಕೊಡುವುದಾಗಿ ಛಾಪಾ ಕಾಗದದ ಮೇಲೆ ಬರೆದುಕೊಡುತ್ತೇನೆ ಎನ್ನುತ್ತಾರೆ. ಅಷ್ಟು ಸಾಕೇ? ಮುಳುಗಡೆಯ ಬದಲಿಗೆ ಸಿಕ್ಕ ನಿವೇಶನದಲ್ಲಿ ಕಟ್ಟಿದ ಮನೆಯೂ ಅವರ ಹೆಸರಿನಲ್ಲಿಯೇ ಇದೆ.
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಸಾಲದು. ನಿಮ್ಮ ಪತಿ ಮನಃಪೂರ್ವಕವಾಗಿಯೇ ಹೇಳಿರಬಹುದು. ಆದರೆ ಸರ್ಕಾರಿ ಸೇವೆಗಾಗಿ ಮುಂದೆ ಬರಬೇಕಾದ ಪಿಂಚಣಿಯನ್ನು ಮೊದಲೇ ಇನ್ನೊಬ್ಬರಿಗೆ ಬರೆದುಕೊಡುವ ಕರಾರು 1871ರ ಪಿಂಚಣಿ ಅಧಿನಿಯಮದ 12ನೇ ಕಲಮಿನಂತೆ ಅನೂರ್ಜಿತವಾಗುತ್ತದೆ. ಇಂಗ್ಲೆಂಡಿನಲ್ಲಿ 2000ದ ಡಿಸೆಂಬರ್‌ನಿಂದ ನ್ಯಾಯಾಲಯವು ಪಿಂಚಣಿಯನ್ನೇ ವಿಭಜಿಸಿ ಪತ್ನಿಯ ಹೆಸರಿಗೆ ಮಾಡಿಕೊಡಬಲ್ಲದು. ನಮ್ಮಲ್ಲಿ ಆ ವ್ಯವಸ್ಥೆಯಿಲ್ಲ, ಮೂವತ್ತು ವರ್ಷ ಮನೆ ನಡೆಸಿದವರಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದೂ ಇಲ್ಲ. ಆದ್ದರಿಂದ ಈ ಹಣವನ್ನು ಪಿಂಚಣಿಯ ಪಾಲು ಎಂದು ಕರೆಯದೆ, 1955ರ ಹಿಂದೂ ವಿವಾಹ ಅಧಿನಿಯಮದ 25ನೇ ಕಲಮಿನ ಅಡಿಯ ಜೀವನಾಂಶವೆಂದು ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿಯೇ ಕಾಣಿಸಿ, ತುಟ್ಟಿಭತ್ಯೆ ಏರಿದಂತೆ ಅದೂ ಏರಬೇಕೆಂಬ ಷರತ್ತಿನೊಂದಿಗೆ ಡಿಕ್ರಿಯಲ್ಲಿ ಸೇರಿಸಿಕೊಳ್ಳಿ.

ಆದರೂ ದೊಡ್ಡ ಅಪಾಯ ಬೇರೆಯೇ ಇದೆ. ಪಿಂಚಣಿ ಅವರ ಜೀವಿತದೊಂದಿಗೆ ಮುಗಿಯುತ್ತದೆ. ಆನಂತರ ಪತ್ನಿಗೆ ಬರುವ ಕುಟುಂಬ ಪಿಂಚಣಿಗೆ ವಿಚ್ಛೇದಿತೆ ಅರ್ಹಳಲ್ಲ. ಹೀಗಾಗಿ ತಿಂಗಳ ಹಣವನ್ನಷ್ಟೇ ನಂಬದೆ, ಒಂದು ಭಾಗವನ್ನು ಇಡಿಗಂಟಾಗಿ ಪಡೆಯುವುದು ಲೇಸು. ಅವರು 2006ರ ಏಪ್ರಿಲ್ 1ಕ್ಕಿಂತ ಮೊದಲು ಸೇವೆಗೆ ಸೇರಿದವರಾದರೆ, ನಿವೃತ್ತಿಯಾದಾಗ ಗ್ರಾಚ್ಯುಟಿ ಬರುವುದಲ್ಲದೆ, ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಪರಿವರ್ತಿಸಿ ಒಟ್ಟಿಗೆ ಹಣ ಪಡೆಯಲೂ ಅವಕಾಶವಿದೆ. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳ ಬಳಿಕ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ಒಪ್ಪಿಗೆಯನ್ನು ಖಚಿತಪಡಿಸಬೇಕಾಗುತ್ತದೆ. ಆ ಹಂತವು ನಿವೃತ್ತಿಯ ಹಣ ಬಂದ ಮೇಲೆ ಬರುವಂತೆ ನಿಮ್ಮ ವಕೀಲರೊಂದಿಗೆ ಯೋಜಿಸಿ, ಹಣ ಕೈಸೇರಿದ ಬಳಿಕವೇ ಅಂತಿಮ ಒಪ್ಪಿಗೆ ಕೊಡಿ.

ಮನೆಯ ಮಾತು. ಜೀವನಾಂಶದ ಭದ್ರತೆಗಾಗಿ ಪತಿಯ ಸ್ಥಿರಾಸ್ತಿಯ ಮೇಲೆ ಭಾರ ಹೊರಿಸಲು 25ನೇ ಕಲಮಿನಲ್ಲಿಯೇ ಅವಕಾಶವಿದೆ. ಆದರೆ ಮುಳುಗಿದ್ದು ಪಿತ್ರಾರ್ಜಿತ ಮನೆಯಾಗಿದ್ದರೆ ನಿವೇಶನದಲ್ಲಿ ಅವರ ಅಣ್ಣತಮ್ಮಂದಿರಿಗೂ ಹಕ್ಕಿರಬಹುದಾದ್ದರಿಂದ, ಹಕ್ಕುಪತ್ರವನ್ನು ಮೊದಲು ವಕೀಲರಿಗೆ ತೋರಿಸಿ.

ಇಬ್ಬರಿಗೂ ಮರುಮದುವೆಯ ಯೋಚನೆ ಇಲ್ಲದಿದ್ದರೆ, ವಿಚ್ಛೇದನದ ಬದಲು 10ನೇ ಕಲಮಿನ ನ್ಯಾಯಿಕ ಪ್ರತ್ಯೇಕತೆಯನ್ನೂ ಪರಿಶೀಲಿಸಬಹುದು. ಆಗ ಬೇರೆಯಾಗಿ ಬಾಳಿದರೂ ವಿವಾಹ ರದ್ದಾಗುವುದಿಲ್ಲ, ಕುಟುಂಬ ಪಿಂಚಣಿಯ ಬಾಗಿಲೂ ವಿಚ್ಛೇದನದಲ್ಲಿ ಮುಚ್ಚುವಂತೆ ಮುಚ್ಚುವುದಿಲ್ಲ. ಪತಿಯ ಪಿಂಚಣಿ ಕಾಗದಗಳಲ್ಲಿರುವ ಕುಟುಂಬದ ವಿವರದಲ್ಲಿ ನಿಮ್ಮ ಹೆಸರಿದೆಯೇ ಎಂಬುದನ್ನು ಮಾತ್ರ ಮೇ ತಿಂಗಳಿಗಿಂತ ಮೊದಲೇ ನೋಡಿಕೊಳ್ಳಿ.