ನಮಾಜ್ ಡೈರಿಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ

ಪ್ರಶ್ನೆ: ಮಗ ಐದನೇ ಕ್ಲಾಸ್. ಏಳುವುದೇ ಏಳು ಗಂಟೆಗೆ, ಆದರೂ ಶಾಲೆಯ ನಮಾಜ್ ಡೈರಿಯಲ್ಲಿ ಸೂರ್ಯ ಹುಟ್ಟುವ ಮೊದಲಿನ ನಮಾಜ್ ಆದ ಫಜರ್‌ಗೆ ಟಿಕ್ ಹಾಕುತ್ತಾನೆ. ಬೇರೆ ವಿಷಯಕ್ಕೂ ಸುಳ್ಳು ಜಾಸ್ತಿಯಾಗಿದೆ. ಫೀಸ್ ಕಟ್ಟಿ ಇಸ್ಲಾಮಿಕ್ ಶಾಲೆಗೆ ಸೇರಿಸಿದ್ದು ಅಖ್ಲಾಕ್ (ಒಳ್ಳೆಯ ನಡತೆ) ಕಲಿಯಲಿ ಅಂತ. ಟೀಚರ್‌ಗಳು ಏನು ಮಾಡುತ್ತಿದ್ದಾರೆ?
– ಒಬ್ಬ ತಾಯಿ, ಫ್ರೇಜರ್ ಟೌನ್

ಉತ್ತರ: ಆ ಟಿಕ್ ಪಕ್ಕದ ಸಹಿ ಯಾರದ್ದಮ್ಮಾ? ನಿಮ್ಮದೇ ಅಲ್ವಾ? ಇದೇ ಪ್ರಶ್ನೆ ಶಿವಾಜಿನಗರದಿಂದಲೂ ಬರುತ್ತದೆ, ತಿಲಕ್ ನಗರದಿಂದಲೂ ಬರುತ್ತದೆ. ಎಲ್ಲರ ಮನೆಯಲ್ಲೂ ಕಥೆ ಒಂದೇ. ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಇಡೀ ವಾರದ ಸಹಿ ಒಟ್ಟಿಗೆ ಬೀಳುತ್ತದೆ. ಸಾಲ ಕೇಳಲು ಯಾರಾದರೂ ಫೋನ್ ಮಾಡಿದರೆ 'ಅಬ್ಬಾ (ಅಪ್ಪ) ಮನೇಲಿಲ್ಲ ಅಂತ ಹೇಳು' ಅನ್ನುತ್ತೀರಿ. ಹುಡುಗ ಎಲ್ಲವನ್ನೂ ನೋಡುತ್ತಿರುತ್ತಾನೆ.

ಅಬೂ ದಾವೂದ್ ಸಂಗ್ರಹದಲ್ಲಿ ಒಂದು ಹದೀಸ್ (ಪ್ರವಾದಿಯವರ ನಡೆ-ನುಡಿಯ ವರದಿ) ಇದೆ. ಒಬ್ಬ ತಾಯಿ ಮಗುವನ್ನು 'ಬಾ, ಏನೋ ಕೊಡ್ತೀನಿ' ಎಂದು ಕರೆಯುತ್ತಾಳೆ. ಏನು ಕೊಡಬೇಕೆಂದಿದ್ದೆ ಎಂದು ಪ್ರವಾದಿ(ಸ) ಕೇಳುತ್ತಾರೆ. ಖರ್ಜೂರ ಅನ್ನುತ್ತಾಳೆ. ಏನೂ ಕೊಡದೆ ಹೋಗಿದ್ದರೆ ಅದು ನಿನ್ನ ಲೆಕ್ಕದಲ್ಲಿ ಸುಳ್ಳೆಂದು ಬರೆಯಲಾಗುತ್ತಿತ್ತು ಎಂದು ಅವರು ಹೇಳುತ್ತಾರೆ. ಈ ಹದೀಸನ್ನು ಮಕ್ಕಳ ಬಾಯಿಪಾಠಕ್ಕೆ ಕೊಡುತ್ತೇವೆ. ಕಲಿಯಬೇಕಾದವರು ದೊಡ್ಡವರು.

ಶಾಲೆಯ ತಪ್ಪೂ ಇದೆ. ಎಲ್ಲಾ ಟಿಕ್ ಇದ್ದರೆ ಸ್ಟಾರ್, ಖಾಲಿ ಇದ್ದರೆ ಎಲ್ಲರ ಮುಂದೆ ಬೈಗುಳ. ಹಾಗಿದ್ದರೆ ನಿಜ ಬರೆಯುವ ಮಗುವಿಗೆ ಏನು ಲಾಭ?

ಈಗ ಮಾಡಬೇಕಾದ್ದು. ಪ್ರಿನ್ಸಿಪಾಲ್ ಹತ್ತಿರ ಓಡಬೇಡಿ, ಮೊದಲು ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ಅವನ ಅಬ್ಬಾ ಕೂಡ ಬರಲಿ, ಒಂದು ಗಂಟೆ ಅಂಗಡಿ ಮುಚ್ಚಿದರೆ ಏನೂ ಆಗಲ್ಲ. 'ನಾವು ನೋಡದೆ ಸಹಿ ಹಾಕಿದ್ದೇವೆ' ಎಂದು ನೀವೇ ಮೊದಲು ಹೇಳಿ, ಟೀಚರ್ ಕೂಡ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಒಂದು ತಿಂಗಳು ಸ್ಟಾರ್ ಬೇಡ ಅಂತ ಕೇಳಿಕೊಳ್ಳಿ. ಶಾಲೆಯಲ್ಲಿ ಮಾಡುವ ಝುಹರ್ (ಮಧ್ಯಾಹ್ನದ ನಮಾಜ್) ಅನ್ನು ಅವರು ಬರೆಯಲಿ. ಮನೆಯಲ್ಲಿ ನೀವು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. 'ಇವತ್ತು ಮಾಡಿಲ್ಲ' ಎಂದು ಬರೆದ ದಿನ ಮನೆಯಲ್ಲೂ ಬೈಗುಳ ಬೇಡ, ಶಾಲೆಯಲ್ಲೂ ಬೇಡ. ಮೊದಲು ಸುಳ್ಳು ನಿಲ್ಲಲಿ, ಆಮೇಲೆ ಫಜರ್. ಅಂದಹಾಗೆ, ರಾತ್ರಿ 11ರವರೆಗೆ ಮೊಬೈಲ್ ಕೊಟ್ಟರೆ ಯಾವ ಮಗುವೂ ಫಜರ್‌ಗೆ ಏಳುವುದಿಲ್ಲ.

ಪ್ರಶ್ನೆ: ಮಗಳ ಹಠ ಬಿಡಿಸಲು ಒಬ್ಬರು ದುಡ್ಡು ತೆಗೆದುಕೊಂಡು ತಾವೀಜ್ (ತಾಯತ) ಕೊಟ್ಟಿದ್ದಾರೆ. ಕಟ್ಟಬಹುದಾ?

ಉತ್ತರ: ದುಡ್ಡು ವಾಪಸ್ ಕೇಳಿ. ಆಗ ಯಾರ ಹಠ ಜಾಸ್ತಿ ಅಂತ ಗೊತ್ತಾಗುತ್ತದೆ.

ಪ್ರಶ್ನೆ: 'ಮೂಳೆ ನಮ್ಮದು, ಚರ್ಮ ನಿಮ್ಮದು', ಅಂದರೆ ಹೊಡೆದಾದರೂ ಕಲಿಸಿ ಎಂದು ಉಸ್ತಾದರಿಗೆ (ಗುರುಗಳಿಗೆ) ಹೇಳಿ ಬಂದಿದ್ದೇನೆ. ಸರಿ ತಾನೇ?

ಉತ್ತರ: ತಪ್ಪು. ಹತ್ತು ವರ್ಷ ಸೇವೆ ಮಾಡಿದರೂ ಪ್ರವಾದಿ(ಸ) ತಮಗೆ ಒಮ್ಮೆಯೂ 'ಉಫ್' ಅನ್ನಲಿಲ್ಲ ಎಂದು ಅವರ ಸೇವಕರಾಗಿದ್ದ ಅನಸ್(ರ) ಹೇಳಿದ್ದಾರೆ. ಅದು ಸಾಲದಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಓದಿ. ಸುಪರ್ದಿಯಲ್ಲಿರುವ ಮಗುವಿಗೆ ಹಿಂಸೆ ಕೊಟ್ಟವರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು.

ಪ್ರಶ್ನೆ: ಕ್ಲಾಸಲ್ಲಿ ಪೆನ್ಸಿಲ್ ಬಾಕ್ಸ್ ಕದ್ದ ಹುಡುಗನ ಹೆಸರನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಬಹುದಾ?

ಉತ್ತರ: ಬೇಡ. ಹಾಕಿದ್ದರೆ ಈಗಲೇ ಡಿಲೀಟ್ ಮಾಡಿ.