ಡ್ರೈವರನ ಗಂಟೆಗೆ ಲೆಕ್ಕವಿಲ್ಲ

ಓದುಗರ ಪತ್ರ: ಹಿರಿಯೂರಿನ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಸಾರ ಇಷ್ಟು: ಹಿಂದೆ ಲಾರಿ ಡ್ರೈವರ್ ಎಂದರೆ ಅರ್ಧ ಮೆಕ್ಯಾನಿಕ್, ಅರ್ಧ ಪೈಲ್ವಾನ. ಈಗ ಏಸಿ ಕ್ಯಾಬಿನ್, ಪವರ್ ಸ್ಟೀರಿಂಗ್, ಟೋಲಿಗೆ ಫಾಸ್ಟ್ಯಾಗ್, ದಾರಿಗೆ ಮೊಬೈಲ್. ಇಷ್ಟು ಸುಖವಿದ್ದೂ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲ. ಬಂದವರೂ ಡ್ಯಾಶ್‌ಬೋರ್ಡಿನಲ್ಲಿ ಒಂದು ಎಚ್ಚರಿಕೆ ದೀಪ ಹತ್ತಿದರೆ ಕಂಪನಿಗೆ ಫೋನ್ ಮಾಡಿ ಮಲಗುತ್ತಾರೆ. ಹನ್ನೆರಡು ಚಕ್ರದ ಲಾರಿ ಓಡಿಸುವ ತಮ್ಮ ಅಣ್ಣನ ಮಗನೂ ಹಾಗೆಯೇ. ಇದು ಸೋಮಾರಿತನವಲ್ಲದೆ ಇನ್ನೇನು?

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ರಾಜ್ಯದ ಗಡಿಗಳ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಅತ್ತಿಬೆಲೆಯಲ್ಲಿ ಕಾಗದ ಹಿಡಿದು ಸಾಲು ನಿಲ್ಲುವುದು ತಪ್ಪಿತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಏಸಿ ಕ್ಯಾಬಿನ್ನಿಗೆ ಕಾನೂನೇ ಬಂದಿದೆ. ಇವೆಲ್ಲ ಒಳ್ಳೆಯದೇ, ತಕರಾರಿಲ್ಲ.

ತಕರಾರು ಇರುವುದು ‘ಸೋಮಾರಿತನ’ಕ್ಕೆ. ಹಳೆಯ ಲಾರಿಯಲ್ಲಿ ಡೀಸೆಲ್ ಮುಗಿದು ಪೈಪಿಗೆ ಏರ್ ಹಿಡಿದರೆ ಡ್ರೈವರ್ ಏನು ಮಾಡುತ್ತಿದ್ದ? ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪ್ ಒತ್ತಿ, ಸ್ಕ್ರೂ ಬಿಗಿದು, ನಾಜಲ್ ಪೈಪಿನ ನಟ್ಟು ಅರ್ಧ ಸುತ್ತು ಬಿಚ್ಚಿ ಸೆಲ್ಫ್ ಹೊಡೆಯುತ್ತಿದ್ದ. ಎರಡು ಸ್ಪ್ಯಾನರ್ ಇದ್ದರೆ ಅರ್ಧ ಗಂಟೆಯ ಕೆಲಸ. ಎಲ್ಲ ನಾಜಲ್‌ಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ ಈಗಿನ ‘ಕಾಮನ್ ರೈಲ್’ ಇಂಜಿನ್ನಿನಲ್ಲಿ ಅದೇ ನಟ್ಟಿನ ಹಿಂದೆ 1,600 ಬಾರ್‌ಗೂ ಮೇಲ್ಪಟ್ಟ ಒತ್ತಡವಿರುತ್ತದೆ. ಇಂಜಿನ್ ತಿರುಗುವಾಗ ಅದನ್ನು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ನಿಮ್ಮ ಹುಡುಗ ಸ್ಪ್ಯಾನರ್ ಹಿಡಿಯದಿರುವುದು ಬುದ್ಧಿವಂತಿಕೆ.

ಇನ್ನು ನೀವು ಹೇಳಿದ ದೀಪ. 2020ರ ಏಪ್ರಿಲ್‌ನಿಂದ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದ ಮೇಲೆ ದೊಡ್ಡ ಲಾರಿಗಳಿಗೆ ಡೀಸೆಲ್ ಜೊತೆ, ಹೊಗೆಯ ವಿಷ ತಗ್ಗಿಸುವ ಡಿಇಎಫ್ ಎಂಬ ದ್ರವ ಬೇಕು. ಡ್ರೈವರುಗಳ ಬಾಯಲ್ಲಿ ಅದು ಬರೀ ‘ಯೂರಿಯಾ’. ಶೇ. 32.5 ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. 100 ಲೀಟರ್ ಡೀಸೆಲ್‌ಗೆ ಸುಮಾರು 4ರಿಂದ 6 ಲೀಟರ್ ಹಿಡಿಯುತ್ತದೆ. ಅದು ಮುಗಿದರೆ ಇಂಜಿನ್ ತಾನೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ, ಶಿರಾಡಿ ಘಾಟಿಯ ಏರಿನ ನಡುವೆಯೇ ಆದರೂ ಸರಿ. ಕಾಸು ಉಳಿಸಲು ಕೆಲವು ಮಾಲೀಕರು ಗೊಬ್ಬರದ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕರಗಿಸಿ ತುಂಬಿಸುತ್ತಾರೆ. ಗೊಬ್ಬರಕ್ಕೆ ಬೇವಿನೆಣ್ಣೆ ಲೇಪವಿದೆ, ನೀರಿನಲ್ಲಿ ಸುಣ್ಣದ ಅಂಶವಿದೆ. ಮೊದಲು ಸಿಂಪಡಿಸುವ ನಾಜಲ್ ಕಟ್ಟುತ್ತದೆ, ಆಮೇಲೆ ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತದೆ. ಒಳ್ಳೆಯ ಡಿಇಎಫ್ ಕೂಡ 35 ಡಿಗ್ರಿ ಬಿಸಿಯಲ್ಲಿ ಆರು ತಿಂಗಳಷ್ಟೇ ಬಾಳುತ್ತದೆ. ಕ್ಯಾನನ್ನು ಕ್ಯಾಬಿನ್ ಮೇಲೆ ಬಿಸಿಲಿಗೆ ಕಟ್ಟಬಾರದು. ಡೀಸೆಲ್ ಸುರಿದ ಆಲಿಕೆಯಲ್ಲೇ ಅದನ್ನೂ ಸುರಿಯಬಾರದು. ಇನ್ನೊಂದು ದೀಪವಿದೆ: ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತುಂಬಿತು, ಸುಡು ಎನ್ನುವುದು. ಅದು ಹತ್ತಿದರೆ ಗಾಡಿ ನಿಲ್ಲಿಸಿ, ಮಸಿ ಸುಡುವ ಗುಂಡಿ ಒತ್ತಿ, ಇಂಜಿನ್ ಆರಿಸದೆ ಇಪ್ಪತ್ತರಿಂದ ನಲವತ್ತು ನಿಮಿಷ ಬಿಡಬೇಕು. ಕೆಳಗೆ ಒಣಹುಲ್ಲು ಇರಕೂಡದು, ಏಕೆಂದರೆ ಫಿಲ್ಟರಿನೊಳಗೆ 550 ಡಿಗ್ರಿಗೂ ಮಿಕ್ಕಿದ ಶಾಖ ಏಳುತ್ತದೆ. ನಡುವೆ ಗೋಡೌನಿನ ಗೇಟಿನವನು ‘ಮುಂದೆ ತಗೋ’ ಎಂದು ಕೂಗಿ ಇಂಜಿನ್ ಆರಿಸುವಂತಾಯಿತೋ, ಮಸಿ ಅರ್ಧ ಸುಟ್ಟು ಉಳಿಯುತ್ತದೆ. ನಾಲ್ಕೈದು ಸಲ ಹೀಗಾದರೆ ಗಾಡಿ ವರ್ಕ್‌ಶಾಪಿಗೆ ಹೋಗಿ ಲ್ಯಾಪ್‌ಟಾಪ್ ಸಿಕ್ಕಿಸಿಕೊಳ್ಳಲೇಬೇಕು. ಇದನ್ನೆಲ್ಲ ತಿಳಿದು ಗಾಡಿ ನಡೆಸುವವನಿಗೆ ಏನೂ ಬರುವುದಿಲ್ಲ ಎಂದರೆ ಹೇಗೆ ಮೇಷ್ಟ್ರೇ?

ನಿಮ್ಮ ಪತ್ರದಲ್ಲಿ ಕ್ಲೀನರನ ಸುದ್ದಿಯೇ ಇಲ್ಲ. ಕಬ್ಬಿಣದ ರಾಡಿನಿಂದ ಟೈರ್ ಬಡಿದು ಸದ್ದಿನಲ್ಲೇ ಗಾಳಿ ಅಳೆಯುತ್ತಿದ್ದವನು ಅವನು. ಜೋಡಿ ಚಕ್ರದ ಒಳಗಿನ ಟೈರ್ ಇಳಿದರೆ ಹೊರಗೆ ಕಾಣುವುದಿಲ್ಲ. ಎರಡೂ ಒಂದಕ್ಕೊಂದು ಉಜ್ಜಿ ಕಾಯ್ದು ಸಿಡಿಯುತ್ತವೆ, ಕೆಲವೊಮ್ಮೆ ಬೆಂಕಿಯೇ ಹತ್ತುತ್ತದೆ. ಟಾರ್ಪಾಲ್ ಹಗ್ಗ ಬಿಗಿಯುವುದು, ರಿವರ್ಸಿನಲ್ಲಿ ಕೈ ತೋರಿಸುವುದು, ರಾತ್ರಿ ಡೀಸೆಲ್ ಟ್ಯಾಂಕ್ ಕಾಯುವುದು, ಹೆದ್ದಾರಿ ಬದಿಯಲ್ಲಿ ಅನ್ನ ಬೇಯಿಸುವುದು, ಎಲ್ಲ ಅವನದೇ. ಮೂರ್ನಾಲ್ಕು ವರ್ಷ ಹೀಗೆ ಪಕ್ಕದಲ್ಲಿ ಕೂತು, ಖಾಲಿ ಗಾಡಿಯಲ್ಲಿ ಸ್ಟೀರಿಂಗ್ ಹಿಡಿದು ಡ್ರೈವರ್ ಆಗುತ್ತಿದ್ದ. ಘಾಟಿ ಇಳಿಯುವಾಗ ಏರಿದ ಗೇರಿನಲ್ಲೇ ಇಳಿ, ಬ್ರೇಕ್ ಕಾಯಿಸಬೇಡ, ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕು ಎಂಬ ಪಾಠ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಅಷ್ಟು ಸಲ ಕಿವಿಗೆ ಬೀಳುವುದಿಲ್ಲ.

ಈಗ ಬಹಳ ಲಾರಿಗಳಲ್ಲಿ ಆ ಸೀಟು ಖಾಲಿ. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರುಗಳಿರಬೇಕು ಎಂಬ ನಿಯಮವೂ 2018ರಲ್ಲಿ ಹೋಯಿತು. ಅದೇ ವರ್ಷದ ಜುಲೈನಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5ಕ್ಕೆ ಏರಿತು. ತೂಕ ಹೆಚ್ಚಿತು, ಆಳು ಕಡಿಮೆಯಾಯಿತು. ಹುಡುಗರು ಯಾಕೆ ಬರುತ್ತಿಲ್ಲ ಎಂದು ಕೇಳುತ್ತೀರಿ. ಬರುತ್ತಿದ್ದ ಬಾಗಿಲೇ ಆ ಕ್ಲೀನರ್ ಸೀಟು, ಅದನ್ನು ನಾವೇ ಮುಚ್ಚಿದೆವು.

ಅವನ ಜಾಗದಲ್ಲಿ ಈಗ ಜಿಪಿಎಸ್ ಪೆಟ್ಟಿಗೆ ಕೂತಿದೆ. ಎಷ್ಟು ವೇಗ, ಎಲ್ಲಿ ಜೋರಾಗಿ ಬ್ರೇಕ್ ಒತ್ತಿದ, ಎಷ್ಟು ಹೊತ್ತು ಇಂಜಿನ್ ಸುಮ್ಮನೆ ಉರಿಯಿತು, ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇಳಿಯಿತು, ಎಲ್ಲವೂ ಮಾಲೀಕನ ಮೊಬೈಲಿಗೆ ಹೋಗುತ್ತದೆ. ಟೋಲಿನ ಸಮಯ ಫಾಸ್ಟ್ಯಾಗಿನಲ್ಲಿದೆ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ, ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಗಡುವಿದೆ. ಮೀರುವುದಾದರೆ ಮುಗಿಯುವ ಎಂಟು ಗಂಟೆ ಮುಂಚೆ ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಬೇಕು. ಆಫೀಸಿನ ಗುಮಾಸ್ತ ಮರೆತರೆ ರಸ್ತೆಯಲ್ಲಿ ಹಿಡಿಸಿಕೊಂಡು ನಿಲ್ಲುವವನು ಡ್ರೈವರ್. ಸರಕಿಗೆ, ಡೀಸೆಲ್ಲಿಗೆ, ತೆರಿಗೆಗೆ, ಟೋಲಿಗೆ ಲೆಕ್ಕವಿದೆ. ಅವನು ನಿದ್ದೆ ಮಾಡಿ ಎಷ್ಟು ಗಂಟೆಯಾಯಿತು ಎಂಬುದಕ್ಕೆ ಇಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ, ದೂರದ ದಾರಿಯಾದರೆ ಹೆಚ್ಚೆಂದರೆ ಹತ್ತು, ವಾರಕ್ಕೆ 54 ಎಂದು ಹೇಳಿತ್ತು. ಅಳೆಯುವ ಯಂತ್ರ ಆಗ ನಮ್ಮ ಲಾರಿಗಳಲ್ಲಿ ಇರಲಿಲ್ಲ. ಈಗ ಇದೆ, ಅಳೆಯುವ ಮನಸ್ಸಿಲ್ಲ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಟ್ಯಾಕೋಗ್ರಾಫ್ ಎಂಬ ಪೆಟ್ಟಿಗೆ ಅದನ್ನು ಬರೆದಿಡುತ್ತದೆ, ಪೊಲೀಸರು ತೆಗೆದು ಓದುತ್ತಾರೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಅದೇ ಕೆಲಸಕ್ಕೆ ಎಲೆಕ್ಟ್ರಾನಿಕ್ ಲಾಗ್ ಕಡ್ಡಾಯ. ನಮ್ಮಲ್ಲಿ ಆಕಳಿಕೆ ಹಿಡಿಯುವ ಕ್ಯಾಮೆರಾ ಬಂದಿದೆ. ಆಕಳಿಸಿದರೆ ಬೈಗುಳ ಬರುತ್ತದೆ, ರಜೆ ಬರುವುದಿಲ್ಲ.

ನಿದ್ದೆಗೆಟ್ಟ ಡ್ರೈವರ್ ಹುಟ್ಟುವುದು ಬಹಳ ಸಲ ರಸ್ತೆಯಲ್ಲಲ್ಲ, ಗೋಡೌನಿನ ಗೇಟಿನಲ್ಲಿ. ಬೆಳಿಗ್ಗೆ ಆರಕ್ಕೆ ಬಂದ ಲಾರಿಗೆ ಸಂಜೆ ಟೋಕನ್. ಕ್ಯಾಬಿನ್ ಬಿಟ್ಟು ಹೋಗುವಂತಿಲ್ಲ, ಸರದಿ ತಪ್ಪುತ್ತದೆ. ಏಸಿ ಇದೆಯಲ್ಲ ಎನ್ನುತ್ತೀರಾ? ಏಸಿಗೆ ಇಂಜಿನ್ ಉರಿಯಬೇಕು, ಉರಿದರೆ ‘ಐಡ್ಲಿಂಗ್ ಜಾಸ್ತಿ’ ಎಂದು ಮಾಲೀಕನ ಫೋನ್. ಲೋಡ್ ಮುಗಿದು ಹಗ್ಗ ಬಿಗಿಯುವ ಹೊತ್ತಿಗೆ ರಾತ್ರಿ ಹತ್ತು, ಮಾಲು ತಲುಪಬೇಕಾದ ಸಮಯ ಮಾತ್ರ ಮೊದಲಿನದೇ. ಕೋಟಿಗಟ್ಟಲೆ ಖರ್ಚಿನ ಗೋಡೌನುಗಳಲ್ಲಿ ಡ್ರೈವರಿಗೆಂದು ಒಂದು ಕಕ್ಕಸು ಕಟ್ಟಿಸುವ ಬುದ್ಧಿ ಎಷ್ಟು ಜನಕ್ಕಿದೆ? ಆರು ಪಥದ ಹೆದ್ದಾರಿ ಮಾಡುತ್ತೇವೆ, ಲಾರಿ ನಿಲ್ಲಿಸಿ ಮಲಗಲು ಬೆಳಕಿರುವ ಜಾಗ ಮಾಡುವುದಿಲ್ಲ. ಅವನು ಪಥದ ಅಂಚಿನಲ್ಲಿ ನಿಲ್ಲಿಸುತ್ತಾನೆ, ಕಾರೊಂದು ಹಿಂದಿನಿಂದ ಬಂದು ಗುದ್ದುತ್ತದೆ, ಮರುದಿನದ ಸುದ್ದಿಯಲ್ಲಿ ತಪ್ಪು ಲಾರಿಯದು.

ನಿಮ್ಮ ಅಣ್ಣನ ಮಗನಿಗೆ ಇದೊಂದು ಹೇಳಿ. ಗೇಟಿಗೆ ಬಂದ ಸಮಯ, ಹೊರಟ ಸಮಯ ಎರಡನ್ನೂ ಎಲ್‌ಆರ್, ಅಂದರೆ ಸರಕಿನ ರಸೀದಿಯ ಹಿಂಬದಿಯಲ್ಲಿ ಬರೆಸಿ, ಗೇಟಿನ ಸೀಲು ಹಾಕಿಸಿ, ಫೋಟೊ ತೆಗೆದಿಟ್ಟುಕೊಳ್ಳಲಿ. ಸೀಲು ಕೊಡದಿದ್ದರೆ ಆ ದಿನದ ಜಿಪಿಎಸ್ ವರದಿಯನ್ನು ಮಾಲೀಕನಿಂದ ಕೇಳಲಿ; ಗಾಡಿ ಎಲ್ಲಿ, ಎಷ್ಟು ಹೊತ್ತು ನಿಂತಿತ್ತೆಂದು ಅದರಲ್ಲಿರುತ್ತದೆ. ಕಾಯಿಸಿದ್ದಕ್ಕೆ ಕೊಡುವ ಹಾಲ್ಟಿಂಗ್ ಹಣ ಕೇಳಲು ಇಷ್ಟು ದಾಖಲೆ ಕೈಯಲ್ಲಿರಬೇಕು. ಬಾಡಿಗೆ ಮಾತಾಡುವಾಗಲೇ ಎಷ್ಟು ಗಂಟೆ ದಾಟಿದರೆ ಹಾಲ್ಟಿಂಗ್, ಅದರಲ್ಲಿ ಡ್ರೈವರಿಗೆ ಎಷ್ಟು ಎಂದು ಮಾಲೀಕನಿಂದ ಬರೆಸಿಕೊಳ್ಳಲಿ. ಲೋಡ್ ಆದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.