ಚಾಟ್ನಿಯ ಕಡ್ಡಿ ಉರುವಲಾದೀತೇ?

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಬಳಿ ನಮ್ಮದು ಆರು ಎಕರೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ತೋಟ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯಲ್ಲಿ (ಬಳ್ಳಿಯ ಕಡ್ಡಿ ಕತ್ತರಿಸುವಾಗ) ಬೀಳುವ ಕಡ್ಡಿಯನ್ನು ಇದುವರೆಗೆ ಬದುವಿನ ಮೇಲೆ ಒಟ್ಟಿ ಸುಡುತ್ತ ಬಂದಿದ್ದೇವೆ. ಅದರಿಂದ ಬ್ರಿಕೆಟ್ ಅಥವಾ ಪೆಲೆಟ್ (ಪುಡಿಯನ್ನು ಅದುಮಿ ಮಾಡಿದ ಉರುವಲಿನ ಗಟ್ಟಿ ಅಥವಾ ಸಣ್ಣ ಗುಳಿಗೆ) ಮಾಡಿ ಮಾರಬಹುದು ಎಂದು ಯಂತ್ರ ಮಾರುವವರು ಹೇಳುತ್ತಾರೆ. ನಾವೇ ಯಂತ್ರ ಹಾಕುವುದು ಸರಿಯೇ? ಔಷಧಿ ಹೊಡೆದ ಕಡ್ಡಿಯನ್ನು ಉರಿಸಿದರೆ ತೊಂದರೆ ಇಲ್ಲವೇ?
– ದ್ರಾಕ್ಷಿ ಬೆಳೆಗಾರರೊಬ್ಬರು, ತಿಕೋಟಾ

ಉತ್ತರ: ಕಡ್ಡಿ ಒಳ್ಳೆಯ ಉರುವಲು ಎಂಬುದರಲ್ಲಿ ಅನುಮಾನವಿಲ್ಲ; ಆದರೆ ಆರು ಎಕರೆಯ ಕಡ್ಡಿಯನ್ನು ನಂಬಿ ಯಂತ್ರ ಕೊಳ್ಳಬೇಡಿ. ಚೆನ್ನಾಗಿ ಒಣಗಿದ ದ್ರಾಕ್ಷಿ ಕಡ್ಡಿಯ ಒಂದು ಕಿಲೋದಲ್ಲಿ 4,000 ಕಿಲೋ ಕ್ಯಾಲೊರಿಯ ಆಸುಪಾಸು ಶಾಖವಿರುತ್ತದೆ. ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿಗೆ ಅದು ಹೆಚ್ಚು ಕಡಿಮೆ ಸಮ. ತೊಡಕಿರುವುದು ಶಾಖದಲ್ಲಲ್ಲ, ನೀರಿನಲ್ಲಿ ಮತ್ತು ಸಾಗಣೆಯಲ್ಲಿ. ಆಗಷ್ಟೇ ಕತ್ತರಿಸಿದ ಕಡ್ಡಿಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದರಿಂದ, ಒಂದು ಟನ್ ಹಸಿ ಕಡ್ಡಿಯನ್ನು ಶೇ. 10ರ ತೇವಕ್ಕೆ ಇಳಿಸುವ ಹೊತ್ತಿಗೆ ಕೈಯಲ್ಲಿ ಉಳಿಯುವುದು 550 ಕಿಲೋ ಮಾತ್ರ. ಅದೂ ಬಿಡಿ ಕಡ್ಡಿಯಾಗಿದ್ದರೆ ಟ್ರ್ಯಾಕ್ಟರ್ ಟ್ರೇಲರ್ ತುಂಬಿ ತುಳುಕಿದರೂ ತೂಕ ಬರುವುದಿಲ್ಲ. ಡೀಸೆಲ್ ಮಾತ್ರ ಪೂರ್ತಿ ಸುಡುತ್ತದೆ.

ಎರಡು ಚಾಟ್ನಿಗಳ ಕಡ್ಡಿಯನ್ನು ಒಂದೇ ಎಂದು ಎಣಿಸುವಂತಿಲ್ಲ. ಏಪ್ರಿಲ್‌ನಲ್ಲಿ ಹಣ್ಣು ಬಿಟ್ಟು ಬಲಿತ ಕಡ್ಡಿಯನ್ನು ಒಂದೆರಡು ಕಣ್ಣುಗಳವರೆಗೆ (ಚಿಗುರೊಡೆಯುವ ಮೊಗ್ಗು) ಹಿಂದಕ್ಕೆ ಕತ್ತರಿಸುವುದರಿಂದ ಕಟ್ಟಿಗೆಯ ಅಂಶ ಹೆಚ್ಚು ಬೀಳುತ್ತದೆ, ಮತ್ತು ನಿಮ್ಮ ಸೀಮೆಯ ಆಗಿನ ಬಿಸಿಲು ಖರ್ಚಿಲ್ಲದ ಒಣಗೂಡು. ಅಕ್ಟೋಬರ್‌ನಲ್ಲಿ ಬೀಳುವುದು ಕಡ್ಡಿಯ ತುದಿಭಾಗ ಮತ್ತು ಎಲೆ. ಹಿಂಗಾರು ಮಳೆ ಹಿಡಿದರೆ ರಾಶಿ ಒಣಗುವ ಬದಲು ಬೂಸ್ಟು ಹಿಡಿಯುತ್ತದೆ, ಎಲೆ ಹೆಚ್ಚಿದಷ್ಟೂ ಬೂದಿ ಹೆಚ್ಚುತ್ತದೆ. ಆದ್ದರಿಂದ ಏಪ್ರಿಲ್ ಕಡ್ಡಿಯನ್ನು ಉರುವಲಿಗೆ ತೆಗೆದಿಡಿ, ಅಕ್ಟೋಬರ್ ಕಡ್ಡಿಯನ್ನು ಪುಡಿ ಮಾಡಿ ಸಾಲುಗಳ ನಡುವೆ ಹೊದಿಕೆಯಾಗಿ ಹಾಸಿ ಎಂಬುದು ನನ್ನ ಸಲಹೆ. ಸಾವಯವ ಇಂಗಾಲ ಕಡಿಮೆ ಇರುವ ಎರೆ ಭೂಮಿಯಿಂದ ವರ್ಷಕ್ಕೆ ಎರಡು ಸಲ ಎಲ್ಲವನ್ನೂ ಹೊತ್ತು ಹೊರಗೆ ಹಾಕುವುದು ಹೇಗೂ ಜಾಣತನವಲ್ಲ. ರೋಗ ತಗುಲಿದ ಕಡ್ಡಿಯನ್ನು ಮಾತ್ರ ಹೊದಿಕೆಗೆ ಬಳಸದೆ ಬೇರೆ ಮಾಡಬೇಕು.

ಬ್ರಿಕೆಟ್ ಆಗುವ ಬಗೆ ಹೀಗೆ. ಕಡ್ಡಿಯನ್ನು ಚೂರು ಮಾಡಿ, ಹ್ಯಾಮರ್ ಮಿಲ್‌ನಲ್ಲಿ ಪುಡಿ ಮಾಡಿ, ಶೇ. 8ರಿಂದ 12ರ ತೇವದಲ್ಲಿ ಭಾರಿ ಒತ್ತಡಕ್ಕೆ ಒಳಪಡಿಸಿದಾಗ ಹುಟ್ಟುವ ಬಿಸಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಎಂಬ ಸಹಜ ಪದಾರ್ಥ ಮೆತ್ತಗಾಗಿ, ತಣಿಯುವಾಗ ತಾನೇ ಅಂಟಾಗಿ ಗಟ್ಟಿಯಾಗುತ್ತದೆ. ಬೇರೆ ಅಂಟು ಬೇಕಿಲ್ಲ. ತೇವ ಹೆಚ್ಚಾದರೆ ಒಳಗಿನ ಆವಿ ಬ್ರಿಕೆಟ್ಟನ್ನು ಸೀಳುತ್ತದೆ. ಕಡ್ಡಿಯನ್ನು ನೆಲದಿಂದ ಬಾಚುವಾಗ ಮಣ್ಣು, ಹರಳು, ತಂತಿಯ ತುಂಡು, ಪ್ಲಾಸ್ಟಿಕ್ ದಾರ, ಡ್ರಿಪ್ ಪೈಪಿನ ಚೂರು ಎಲ್ಲವೂ ಜೊತೆಗೆ ಬರುತ್ತವೆ. ಮಿಲ್ಲಿನ ಸುತ್ತಿಗೆಗಳು ಸವೆಯುವುದು ಕಡ್ಡಿಯಿಂದಲ್ಲ, ಇವುಗಳಿಂದ. ಕತ್ತರಿಸಿದ ಕಡ್ಡಿಯನ್ನು ನೆಲಕ್ಕೆ ಎಸೆಯದೆ ತಾಡಪತ್ರಿಯ ಮೇಲೆ ಹಾಕಿಸಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಯಂತ್ರ ಮಾರುವವರು ಬಾಯಿಬಿಡದ ಇನ್ನೊಂದು ಸಂಗತಿ ಕರೆಂಟಿನದು: ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಇದನ್ನು ಓಡಿಸುವಂತಿಲ್ಲ, ಕೈಗಾರಿಕಾ ಸಂಪರ್ಕವನ್ನೇ ಪಡೆಯಬೇಕು. ಸಾಲದ್ದಕ್ಕೆ ನಿಮ್ಮ ಕಡ್ಡಿ ಸಿಗುವುದು ವರ್ಷದ ಕೆಲವೇ ವಾರ. ಉಳಿದ ದಿನಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ತಂದು ಓಡಿಸುವ ಯೋಜನೆ ಇಲ್ಲದಿದ್ದರೆ ಯಂತ್ರ ಸುಮ್ಮನೆ ನಿಂತಿರುತ್ತದೆ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ.

ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ವಿಲಾಫ್ರಾಂಕಾ ದೆಲ್ ಪೆನೆದೆಸ್ ಎಂಬ ದ್ರಾಕ್ಷಿ ಸೀಮೆಯ ಪಟ್ಟಣವಿದೆ. ಅಲ್ಲಿ ಸುತ್ತಲಿನ ತೋಟಗಳ ಕಡ್ಡಿಯನ್ನು ಚೂರು ಮಾಡಿ, ಒಣಗಿಸಿ, ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುವ ಬಾಯ್ಲರಿಗೆ ಆ ಚೂರನ್ನೇ ಉಣಿಸುತ್ತಾರೆ. ಉರಿಸುವ ಜಾಗ ಹತ್ತಿರದಲ್ಲಿದ್ದರೆ ಅದುಮುವ ಖರ್ಚೇ ಬೇಡವಲ್ಲ! ನೀವೂ ಅಕ್ಕಪಕ್ಕದ ಬೆಳೆಗಾರರ ಜೊತೆ ಸೇರಿ ಟ್ರ್ಯಾಕ್ಟರಿನ ಪಿಟಿಒಗೆ (ಎಂಜಿನ್ ಶಕ್ತಿಯನ್ನು ಹೊರಗಿನ ಯಂತ್ರಕ್ಕೆ ಕೊಡುವ ದಂಡ) ಕೂಡಿಸುವ, ಕಡ್ಡಿ ಚೂರು ಮಾಡುವ ಶ್ರೆಡ್ಡರ್ ಒಂದನ್ನು ಬಾಡಿಗೆಗೆ ತನ್ನಿ. ಒಣ ಚೂರನ್ನು ಸುತ್ತಲಿನ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕ (ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡುವ ವಿಭಾಗ) ಅಥವಾ ಈಗಾಗಲೇ ನಡೆಯುತ್ತಿರುವ ಬ್ರಿಕೆಟ್ ಘಟಕ ಯಾವ ದರಕ್ಕೆ ಕೊಳ್ಳುತ್ತದೆಂದು ಮೊದಲು ವಿಚಾರಿಸಿ. ಕಲ್ಲಿದ್ದಲಿನ ಜೊತೆ ಬೆಳೆ ತ್ಯಾಜ್ಯದಂಥ ಜೀವರಾಶಿಯ ಪೆಲೆಟ್ ಬೆರೆಸಿ ಉರಿಸಬೇಕೆಂಬ ಕೇಂದ್ರದ ನೀತಿ ಉಷ್ಣ ವಿದ್ಯುತ್ ಸ್ಥಾವರಗಳಿಗಿದೆ, ನಿಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವಾಟ್ ಸ್ಥಾವರವೂ ಇದೆ. ಆದರೆ ಅಂಥ ಗಿರಾಕಿಗೆ ಒದಗಿಸುವುದು ದೊಡ್ಡ ಘಟಕಗಳ ಕೆಲಸ.

ಇನ್ನು ಔಷಧಿಯ ಮಾತು. ಕಣ್ಣು ಒಡೆಸಲು ಬಳಸುವ ಡಾರ್ಮೆಕ್ಸ್ ಲೇಪಿಸುವುದು ಚಾಟ್ನಿಯ ನಂತರ, ಗಿಡದಲ್ಲಿ ಉಳಿದ ಕಣ್ಣುಗಳಿಗೆ. ಆ ಚಾಟ್ನಿಯಲ್ಲಿ ಕೆಳಗೆ ಬಿದ್ದ ಕಡ್ಡಿಗೆ ಅದು ತಾಗಿರುವುದಿಲ್ಲ. ಚಿಂತಿಸಬೇಕಾದದ್ದು ಬೋರ್ಡೋ ಮಿಶ್ರಣದ (ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ತಾಮ್ರದ ಬಗ್ಗೆ, ಏಕೆಂದರೆ ತಾಮ್ರ ಬೆಂಕಿಗೆ ನಾಶವಾಗದು, ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಮನೆಬಳಕೆಯ ಕಟ್ಟಿಗೆ ಪೆಲೆಟ್ಟಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕಿಲೋಗೆ 10 ಮಿಲಿಗ್ರಾಂ ತಾಮ್ರ ಮೀರಬಾರದು, ಮೇಲ್ದರ್ಜೆಯದರಲ್ಲಿ ಬೂದಿ ಶೇ. 0.7 ದಾಟಬಾರದು. ದ್ರಾಕ್ಷಿ ಕಡ್ಡಿಯ ಬೂದಿ ಸಾಮಾನ್ಯವಾಗಿ ಶೇ. 2ರಿಂದ 4, ತಾಮ್ರವೂ ಎಷ್ಟೋ ಸಲ ಮಿತಿ ದಾಟಿರುತ್ತದೆ. ಹಾಗಾಗಿ ಇದು ಅಡುಗೆಮನೆಯ ಉರುವಲಲ್ಲ, ಹೊಗೆ ಸೋಸುವ ವ್ಯವಸ್ಥೆಯುಳ್ಳ ಬಾಯ್ಲರಿನ ಉರುವಲು. ಪೊಟ್ಯಾಷ್ ಹೆಚ್ಚಿರುವ ಬೂದಿ ಕರಗಿ ಕಿಟ್ಟ ಕಟ್ಟುವುದರಿಂದ ಅಲ್ಲಿಯೂ ಬೇರೆ ಉರುವಲಿನ ಜೊತೆ ಬೆರೆಸಿ ಉರಿಸುವುದು ಮೇಲು.

ಪ್ರಶ್ನೆ: ದ್ರಾಕ್ಷಿ ಕಡ್ಡಿ ಸುಟ್ಟ ಬೂದಿಯನ್ನು ತೋಟಕ್ಕೆ ಹಾಕಬಹುದೇ?
– ಓದುಗರೊಬ್ಬರು, ದೇವನಹಳ್ಳಿ

ಉತ್ತರ: ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣ ಇರುತ್ತವೆ. ನಿಮ್ಮ ಭಾಗದ ಕೆಂಪು ಮಣ್ಣು ಹುಳಿಯಾಗಿದ್ದರೆ ಅಲ್ಪ ಪ್ರಮಾಣದಲ್ಲಿ ಹಾಕಬಹುದು. ಮೊದಲೇ ಕ್ಷಾರವಾಗಿರುವ ವಿಜಯಪುರದ ಎರೆ ಮಣ್ಣಿಗೆ ಬೇಡ. ಬೋರ್ಡೋ ಹೊಡೆದ ತೋಟದ ಬೂದಿಯಲ್ಲಿ ತಾಮ್ರ ಸಾಂದ್ರವಾಗಿರುವುದರಿಂದ, ವರ್ಷ ವರ್ಷವೂ ಒಂದೇ ಜಾಗಕ್ಕೆ ಸುರಿಯದೆ, ಮಣ್ಣು ಪರೀಕ್ಷೆಯಲ್ಲಿ ರಸಸಾರದ ಜೊತೆ ತಾಮ್ರದ ಅಂಶವನ್ನೂ ನೋಡಿಸಿಕೊಂಡು ಹಾಕಿ.